2,029 ಗೆಲುವು, ಪ್ರಶಸ್ತಿ ಮಾತ್ರ ಇಲ್ಲ: ಮೈಕ್ ಮಾರ್ಟಿನ್ ಅವರನ್ನು ಯಶಸ್ವಿ ಕೋಚ್ ಎನ್ನಬಹುದೇ?

ಪ್ರಶ್ನೆ:
ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡಕ್ಕೆ 1980ರಿಂದ 2019ರವರೆಗೆ ಮುಖ್ಯ ಕೋಚ್ ಆಗಿದ್ದ ಮೈಕ್ ಮಾರ್ಟಿನ್ 2,029 ಪಂದ್ಯಗಳನ್ನು ಗೆದ್ದರು. ಆ 40 ಋತುಗಳಲ್ಲಿ ಒಂದರಲ್ಲಿಯೂ ತಂಡದ ಗೆಲುವು ನಲವತ್ತಕ್ಕಿಂತ ಕಡಿಮೆಯಾಗಲಿಲ್ಲ. ಆದರೆ ರಾಷ್ಟ್ರೀಯ ಕಾಲೇಜು ಟೂರ್ನಿಯ ಕೊನೆಯ ಹಂತವಾದ, ಒಮಾಹಾ ನಗರದಲ್ಲಿ ನಡೆಯುವ ಕಾಲೇಜು ವಿಶ್ವ ಸರಣಿಗೆ 17 ಬಾರಿ ತಂಡವನ್ನು ಕೊಂಡೊಯ್ದ ಅವರು ಒಮ್ಮೆಯೂ ಪ್ರಶಸ್ತಿಯೊಂದಿಗೆ ಮರಳಲಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಡ್ ಡೀಡೋ ಅವರ ಹೆಸರಿನಲ್ಲಿ 11 ಪ್ರಶಸ್ತಿಗಳಿರುವಾಗ, ಮಾರ್ಟಿನ್ ಅವರನ್ನು ಅದೇ ಸಾಲಿನಲ್ಲಿ ಕೂರಿಸುವುದು ನ್ಯಾಯವೇ?

ಉತ್ತರ 1:
ನ್ಯಾಯವೆಂದೇ ನನ್ನ ಅಭಿಪ್ರಾಯ. ಕಾಲೇಜು ಕೋಚ್‌ಗೆ ಒಳ್ಳೆಯ ಆಟಗಾರ ಸಾಮಾನ್ಯವಾಗಿ ಮೂರು ವರ್ಷಕ್ಕಿಂತ ಹೆಚ್ಚು ಕಾಲ ದಕ್ಕುವುದಿಲ್ಲ. ಅಷ್ಟರಲ್ಲಿ ವೃತ್ತಿಪರ ತಂಡಗಳು ಅವನನ್ನು ಡ್ರಾಫ್ಟ್‌ನಲ್ಲಿ ಆರಿಸಿಕೊಂಡಿರುತ್ತವೆ. ಮಾರ್ಟಿನ್ ಅವರ ಕೊನೆಯ ದಶಕಗಳಲ್ಲಿ ಇಡೀ ತಂಡದೊಳಗೆ ಹಂಚಲು ಇದ್ದದ್ದು 11.7 ಪೂರ್ಣ ವಿದ್ಯಾರ್ಥಿವೇತನಗಳಷ್ಟೇ. ಇಂಥ ಕಟ್ಟುಪಾಡಿನೊಳಗೆ ಪ್ರತಿ ವರ್ಷವೂ ತಂಡವನ್ನು ಹೊಸದಾಗಿ ಕಟ್ಟಿ, ನಲವತ್ತೂ ಸಲ ರಾಷ್ಟ್ರೀಯ ಟೂರ್ನಿಗೆ ಅರ್ಹತೆ ಗಳಿಸಿದ್ದನ್ನು ಅದೃಷ್ಟದ ಲೆಕ್ಕಕ್ಕೆ ಹಾಕಲಾಗದು. ಒಮಾಹಾದಲ್ಲಾದರೋ ಎರಡು ಸೋಲು ಕಂಡರೆ ಮನೆಗೆ ಹೊರಡಬೇಕು. ಚೆಂಡೆಸೆಯುವ ಒಬ್ಬ ಪಿಚರ್‌ನ ಕೈ ಒಂದು ಸಂಜೆ ತಪ್ಪಿದರೆ ವರ್ಷದ ದುಡಿಮೆಯೆಲ್ಲ ಮುಗಿದಂತೆ. ಮಾರ್ಟಿನ್ 1986ರಲ್ಲಿ ಅರಿಝೋನಾಕ್ಕೂ 1999ರಲ್ಲಿ ಮಯಾಮಿಗೂ ಅಂತಿಮ ಪಂದ್ಯದಲ್ಲಿಯೇ ಸೋತರು.

ಉತ್ತರ 2:
ಹಿಂದಿನವರ ವಾದವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಟೂರ್ನಿಯ ಸ್ವರೂಪವೇ ಕಾರಣವಾಗಿದ್ದರೆ ಡೀಡೋ ಅವರ ತಂಡ 1970ರಿಂದ 1974ರವರೆಗೆ ಸತತ ಐದು ಬಾರಿ ಗೆಲ್ಲಲು ಹೇಗೆ ಸಾಧ್ಯವಾಯಿತು? 1973ರಲ್ಲಿ ಮಿನ್ನೆಸೋಟಾ ಎದುರು, ಡೇವ್ ವಿನ್‌ಫೀಲ್ಡ್ ಅವರ ಪಿಚಿಂಗ್‌ಗೆ ತತ್ತರಿಸಿ ಒಂಬತ್ತನೇ ಇನ್ನಿಂಗ್ಸ್‌ನ ಹೊತ್ತಿಗೆ 0-7ರಿಂದ ಹಿಂದಿದ್ದ ಆ ತಂಡ ಎಂಟು ರನ್ ಗಳಿಸಿ ಪಂದ್ಯವನ್ನು ಕಸಿದುಕೊಂಡಿತು. ಆದರೂ ಒಂದು ಮಾತನ್ನು ಒಪ್ಪಲೇಬೇಕು: ಆಗ ಟೂರ್ನಿಯಲ್ಲಿದ್ದದ್ದು ಈಗಿನ 64 ತಂಡಗಳ ಅರ್ಧಕ್ಕಿಂತ ಕಡಿಮೆ. (ಸಾರಿಗೆ ಉದ್ಯಮದಲ್ಲಿ ಹಣ ಮಾಡಿದ್ದ ಡೀಡೋ ಕೋಚ್ ಕೆಲಸಕ್ಕೆ ಪಡೆಯುತ್ತಿದ್ದದ್ದು ಹೆಸರಿಗಷ್ಟೇ ಸಂಬಳ; ನೌಕರಿ ಹೋದೀತೆಂಬ ಭಯವಿಲ್ಲದವನ ಧೈರ್ಯವೇ ಬೇರೆ.)

ಉತ್ತರ 3:
ಪ್ರಶಸ್ತಿಗಳ ಎಣಿಕೆಯಲ್ಲಿ ಬಸ್ಟರ್ ಪೋಸಿ ಅವರ ಪ್ರಸಂಗ ಮರೆಯಾಗಬಾರದು. ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವಿನ ಫೀಲ್ಡರ್) ಆಗಿ ಬಂದಿದ್ದ ಪೋಸಿ ಕ್ಯಾಚರ್ (ಬ್ಯಾಟರ್‌ನ ಹಿಂದೆ ಕೂತು ಚೆಂಡು ಹಿಡಿಯುವವ) ಆಗಿ ಬದಲಾದದ್ದು ಮಾರ್ಟಿನ್ ಅವರ ತಂಡದಲ್ಲಿ, ಎರಡನೇ ವರ್ಷದಲ್ಲಿ. 2008ರಲ್ಲಿ ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ ಗೋಲ್ಡನ್ ಸ್ಪೈಕ್ಸ್ ಪ್ರಶಸ್ತಿ ಪಡೆದ ಅವರು ಮುಂದೆ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಪರವಾಗಿ ವೃತ್ತಿಪರ ಬೇಸ್‌ಬಾಲ್‌ನ ಮೂರು ವಿಶ್ವ ಸರಣಿಗಳನ್ನು ಗೆದ್ದರು. ಹತ್ತೊಂಬತ್ತರ ಹುಡುಗನಲ್ಲಿ ಅವನಿಗೇ ಕಾಣದ ಸ್ಥಾನವನ್ನು ಗುರುತಿಸುವ ಆ ಕಣ್ಣು ಯಾವ ಅಂಕಪಟ್ಟಿಗೂ ಸೇರುವುದಿಲ್ಲ. 2019ರಲ್ಲಿ, ಟೂರ್ನಿಗೆ ಪ್ರವೇಶ ಸಿಗುವುದೇ ಅನುಮಾನವೆನಿಸಿದ್ದ ತಂಡವನ್ನು ಮಾರ್ಟಿನ್ ತಮ್ಮ ಕೊನೆಯ ಋತುವಿನಲ್ಲಿ ಒಮಾಹಾವರೆಗೆ ಒಯ್ದರು. ಪ್ರಶಸ್ತಿ ಆಗಲೂ ಸಿಗಲಿಲ್ಲವೆಂಬುದು ನಿಜ. ಆದರೆ ಕೋಚ್‌ನ ಕೆಲಸವೇನೆಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಆ ವರ್ಷವನ್ನೇ.