ಅಮ್ಹಾರಿಕ್ ಕಲಿಯಲಾ, ಡ್ಯಾನಿಶ್ ಕಲಿಯಲಾ?

ಹೇಮಾವತಿ_ತೀರ

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಹೈಸ್ಕೂಲ್ ಟೀಚರ್. ಈ ಬೇಸಿಗೆ ರಜೆಯಲ್ಲಿ ಒಂದು ಹೊಸ ಭಾಷೆ ಶುರು ಮಾಡಬೇಕು ಅಂತ ಆಸೆ. ಪರೀಕ್ಷೆ, ವೀಸಾ ಅಂತ ಯಾವ ಕಾರಣವೂ ಇಲ್ಲ, ಸುಮ್ನೆ ಕುತೂಹಲ. ನಮ್ಮ ದೊಡ್ಡಪ್ಪ 1973ರಲ್ಲಿ ಗಣಿತದ ಮೇಷ್ಟ್ರಾಗಿ ಇಥಿಯೋಪಿಯಾಕ್ಕೆ ಹೋಗಿದ್ದರು. ಅವರು ಅಮ್ಹಾರಿಕ್ ಅಕ್ಷರ ತಿದ್ದಿದ ನೋಟ್‌ಬುಕ್ ಮೊನ್ನೆ ಟ್ರಂಕಿನಲ್ಲಿ ಸಿಕ್ಕಿತು. ಇನ್ನೊಂದು ಕಡೆ, ತಂಗಿ ಡೆನ್ಮಾರ್ಕಿನಲ್ಲಿದ್ದಾಳೆ. ಅವಳ ಮಗ ಫೋನಿನಲ್ಲಿ ಡ್ಯಾನಿಶ್ ಮಾತಾಡಿದರೆ ಒಂದು ಪದವೂ ಕಿವಿಗೆ ಸಿಗುವುದಿಲ್ಲ. ಕನ್ನಡದವರಿಗೆ ಯಾವುದು ಹತ್ತಿರ?

ಇನ್ನೊಂದು ಅನುಮಾನ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಮೆಸ್ಕೆರೆಮ್ 1966’ ಅಂತಿದೆ. ಆ ವರ್ಷ ದೊಡ್ಡಪ್ಪ ಇನ್ನೂ ಮೈಸೂರಿನಲ್ಲಿ ಓದುತ್ತಿದ್ದರು. ಇದು ಹೇಗೆ?

ತಾನಾ_ದಂಡೆ

ಟೀಚರ್, ದೊಡ್ಡಪ್ಪ ಸರಿಯಾಗಿಯೇ ಬರೆದಿದ್ದಾರೆ. ಇಥಿಯೋಪಿಯಾದ ಪಂಚಾಂಗ ನಮ್ಮ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದೆ ಇರುತ್ತದೆ. ಮೆಸ್ಕೆರೆಮ್ ಅಲ್ಲಿನ ಮೊದಲ ತಿಂಗಳು, ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತದೆ. ಅವರ 1966ರ ಮೆಸ್ಕೆರೆಮ್ ಅಂದರೆ ನಮ್ಮ 1973ರ ಸೆಪ್ಟೆಂಬರ್. ಹೋದ ಹೊಸತರಲ್ಲೇ ಅಕ್ಷರ ಕಲಿಯಲು ಕೂತಿದ್ದಾರೆ ನೋಡಿ.

ನಾನು ಬಹಿರ್ ದಾರ್‌ನಲ್ಲಿ ಐದು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದೆ. ಅಲ್ಲಿ ಇಳಿದಾಗ ಅಮ್ಹಾರಿಕ್ ಎಂದರೆ ಅರಬ್ಬಿಯ ಬಂಧು, ನಮಗೆ ದೂರ ಅಂದುಕೊಂಡಿದ್ದೆ. ಬಂಧು ಹೌದು, ಸೆಮಿಟಿಕ್ ಕುಟುಂಬದ್ದೇ. ಆದರೆ ಮಾತು ಜೋಡಿಸುವ ರೀತಿ ನಮ್ಮದು. ಕ್ರಿಯಾಪದ ಕೊನೆಗೇ ಬರುತ್ತದೆ. ನಾವು ‘ನಿನ್ನೆ ಬಂದ ಹುಡುಗ’ ಅಂತೀವಲ್ಲ, ಅವರು ‘ತಿನಾಂತ್ ಯೆಮೆಟ್ಟಾ ಲಿಜ್’ ಅನ್ನುತ್ತಾರೆ. ನಿನ್ನೆ, ಬಂದ, ಹುಡುಗ. ಅದೇ ಸಾಲು! ‘ತಿಂದು ಹೋದ’ ಅನ್ನಲು ‘ಬೆಲ್ತೊ ಹೇದೆ’. ‘ಬೆಲ್ತೊ’ ಅಂದರೆ ನಮ್ಮ ‘ತಿಂದು’. ಒಂದೇ ವ್ಯತ್ಯಾಸ, ಹೆಂಗಸಾದರೆ ಅದೂ ‘ಬೆಲ್ತಾ’ ಆಗುತ್ತದೆ.

ನನಗೆ ತುಂಬ ಇಷ್ಟವಾಗಿದ್ದು ಇನ್ನೊಂದು. ನಾವು ‘ಮೈ ಝುಮ್ ಅಂತು’, ‘ಎಣ್ಣೆ ಚುರ್ ಅಂತು’ ಅಂತ ಶಬ್ದಕ್ಕೆ ‘ಅನ್ನು’ ಸೇರಿಸುತ್ತೇವೆ. ಅವರೂ ಹಾಗೇ. ಸುಮ್ಮನಾದ ಅನ್ನಲು ‘ಜ಼ಿಮ್ ಅಲೆ’, ಅಂದರೆ ‘ಜ಼ಿಮ್ ಅಂದ’. ಕ್ಲಾಸಿನ ಹುಡುಗನಿಗೆ ‘ಜ಼ಿಮ್ ಬೆಲ್’ ಅಂದರೆ ಮಾತು ನಿಲ್ಲಿಸು ಅಂತ.

ಅಕ್ಷರವೂ ನಿಮಗೆ ಕಷ್ಟವಾಗದು. ಲಿಪಿಗೆ ಫಿದೆಲ್ ಅನ್ನುತ್ತಾರೆ. 33 ಮೂಲ ವ್ಯಂಜನ, ಪ್ರತಿಯೊಂದಕ್ಕೂ ಏಳು ರೂಪ. ಹ ಹು ಹಿ ಹಾ ಹೇ ಹ್ ಹೋ ಅಂತ ಮಕ್ಕಳು ರಾಗವಾಗಿ ಹೇಳುತ್ತಾರೆ. ಇದು ನಮ್ಮ ಕಾಗುಣಿತವೇ ಅಲ್ವಾ? ಆದರೆ ಒತ್ತಕ್ಷರ ಇಲ್ಲ. ‘ಅಲೆ’ ಅಂದರೆ ಹೇಳಿದ, ‘ಅಲ್ಲೆ’ ಅಂದರೆ ಇದ್ದಾನೆ. ಎರಡನ್ನೂ ಒಂದೇ ಥರ ಬರೆಯುತ್ತಾರೆ, ಸಂದರ್ಭ ನೋಡಿ ಓದಬೇಕು. ಒತ್ತು ಬರೆದೇ ಅಭ್ಯಾಸವಾದ ನಮಗೆ ಇದಕ್ಕೆ ಸಮಯ ಬೇಕು.

ನಿಜವಾದ ಕಷ್ಟ ಗಂಟಲಿನದು. ಕ, ತ, ಚ ಇವಕ್ಕೆ ಉಸಿರು ತಡೆದು ಟಪ್ಪನೆ ಸಿಡಿಸುವ ಜೋಡಿ ವ್ಯಂಜನಗಳಿವೆ. ನಾವು ಅದನ್ನು ಮಹಾಪ್ರಾಣ ಅಂದುಕೊಂಡು ಖ, ಥ ಅಂತೀವಿ. ಮಹಾಪ್ರಾಣದಲ್ಲಿ ಗಾಳಿ ಬಿಡುತ್ತೇವೆ, ಇಲ್ಲಿ ಗಾಳಿ ಕಟ್ಟಬೇಕು. ನನ್ನ ಮನೆಯೊಡತಿ ಕಾಫಿ ಕಾಯಿಸುತ್ತಾ ‘ಕೊಂಜೊ’ ಅನ್ನುವ ಪದವನ್ನು ನನ್ನಿಂದ ಎಷ್ಟು ಸಲ ಹೇಳಿಸಿದರೋ! ಚೆಂದ ಅಂತ ಅರ್ಥ. ಅವರ ಕಾಫಿ ಮೂರು ಸುತ್ತು, ಅಬೊಲ್, ತೋನಾ, ಬರಕಾ. ಮೂರನೇ ಸುತ್ತಿನ ಹೊತ್ತಿಗೆ ನಾಲಿಗೆ ಸ್ವಲ್ಪ ಮಾತು ಕೇಳುತ್ತಿತ್ತು.

ಓರ್ಹುಸ್_ಕನ್ನಡತಿ

ಮೇಡಂ, ನಾನು ಎಂಟು ವರ್ಷದಿಂದ ಡೆನ್ಮಾರ್ಕಿನಲ್ಲಿದ್ದೇನೆ. ಡ್ಯಾನಿಶ್ ಓದಲು ಸುಲಭ, ಕೇಳಲು ಕಷ್ಟ. ಇಂಗ್ಲಿಷ್ ಗೊತ್ತಿದ್ದರೆ ‘ವಿಂಟರ್’, ‘ಫಿಂಗರ್’ ಅಂಥ ಎಷ್ಟೋ ಪದ ಪುಟದಲ್ಲಿ ಕಂಡ ತಕ್ಷಣ ತಿಳಿಯುತ್ತವೆ. ಕ್ರಿಯಾಪದವಂತೂ ತುಂಬ ಹಗುರ. ನಾನು, ನೀನು, ಅವನು, ನಾವು, ಎಲ್ಲಕ್ಕೂ ಒಂದೇ ರೂಪ.

ಆದರೆ ಬಾಯಲ್ಲಿ ಅರ್ಧ ಅಕ್ಷರ ಕರಗಿ ಹೋಗುತ್ತದೆ. ಊಟಕ್ಕೆ ‘ಮ್ಯಾಡ್’ ಅಂತ ಬರೆಯುತ್ತಾರೆ, ನನ್ನ ಕಿವಿಗೆ ‘ಮಲ್’ ಅಂತ ಕೇಳುತ್ತಿತ್ತು. ‘ಅವಳು’ ಮತ್ತು ‘ನಾಯಿ’ ಎರಡೂ ‘ಹುನ್’. ನಾಯಿ ಅನ್ನುವಾಗ ಮಾತ್ರ ಕೊನೆಯಲ್ಲಿ ಗಂಟಲು ಒಂದು ಕ್ಷಣ ಬಿಗಿಯುತ್ತಾರೆ. ಅದಕ್ಕೆ ಸ್ಟೋಡ್ ಅಂತ ಹೆಸರು. ನಿಮ್ಮ ತಂಗಿ ಮಗನ ಮಾತು ಸಿಗದಿರುವುದು ನಿಮ್ಮ ಕಿವಿಯ ತಪ್ಪಲ್ಲ.

ಲೆಕ್ಕದ ಹೆಸರೂ ಬೇರೆ ಥರ. ಐವತ್ತಕ್ಕೆ ಅವರ ಪದದ ಮೂಲ ಅರ್ಥ ‘ಎರಡೂವರೆ ಇಪ್ಪತ್ತು’. 52 ಅನ್ನಲು ಮೊದಲು ಎರಡು, ಆಮೇಲೆ ಐವತ್ತು. ಬೇಕರಿಯಲ್ಲಿ ಬೆಲೆ ಕೇಳಿಸಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು.

ಮೇಷ್ಟ್ರು ಹೇಳಿದ ‘ನಿನ್ನೆ ಬಂದ ಹುಡುಗ’ ಇಲ್ಲಿ ಪೂರ್ತಿ ತಿರುಗಿ ‘ಹುಡುಗ, ಯಾರು ಬಂದ ನಿನ್ನೆ’ ಆಗುತ್ತದೆ. ಇನ್ನು ನನಗೆ ಬೇಸರವಾಗುವ ಒಂದು ವಿಷಯ, ಇಲ್ಲಿ ‘ನೀವು’ ಬಹುತೇಕ ಬಳಕೆಯಲ್ಲೇ ಇಲ್ಲ. ಮಗಳ ಟೀಚರಿಗೂ ‘ನೀನು’. ಅಗೌರವ ಅಲ್ಲ ಅಂತ ಗೊತ್ತು, ಆದರೂ ಇವತ್ತಿಗೂ ನಾಲಿಗೆ ತಡೆಯುತ್ತದೆ.

ತಾನಾ_ದಂಡೆ

ಅಮ್ಹಾರಿಕ್‌ನಲ್ಲಿ ದೊಡ್ಡವರಿಗೆ ‘ಇರ್ಸ್ವೊ’ ಇದೆ, ನಮ್ಮ ‘ನೀವು’ ಥರ. ‘ನೀನು’ ಮಾತ್ರ ಎರಡು. ಗಂಡಸಿಗೆ ‘ಅಂತೆ’, ಹೆಂಗಸಿಗೆ ‘ಅಂಚಿ’. ಅಂದಹಾಗೆ, ಮನೆ ಅವರಿಗೆ ‘ಬೆತ್’, ಗೊತ್ತಿರುವ ಆ ಮನೆ ‘ಬೆತು’. ಗುರುತಿನ ತುಂಡು ಪದದ ಬಾಲಕ್ಕೆ ಅಂಟುತ್ತದೆ.

ಓರ್ಹುಸ್_ಕನ್ನಡತಿ

ಅಯ್ಯೋ, ಇಲ್ಲೂ ಹಾಗೇ! ‘ಹುಸ್’ ಮನೆ, ‘ಹುಸೆತ್’ ಆ ಮನೆ. ಇಷ್ಟು ದೂರದ ಎರಡು ಭಾಷೆಗಳಲ್ಲಿ ಒಂದೇ ಉಪಾಯ.

ಹೇಮಾವತಿ_ತೀರ

ಇಬ್ಬರಿಗೂ ತುಂಬ ಥ್ಯಾಂಕ್ಸ್. ಅಮ್ಹಾರಿಕ್ ಶುರು ಮಾಡಿದ್ದೇನೆ. ತಂಗಿ ಮಗನಿಗೆ ದಿನಕ್ಕೆ ಒಂದು ಡ್ಯಾನಿಶ್ ಪದ ಹೇಳಿಕೊಡು ಅಂದಿದ್ದೇನೆ, ಅವನಿಗೆ ಖುಷಿಯೋ ಖುಷಿ. ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲಿನ ಕೆಳಗೆ ದೊಡ್ಡಪ್ಪ ಕನ್ನಡದಲ್ಲಿ ಉಚ್ಚಾರ ಬರೆದುಕೊಂಡಿದ್ದಾರೆ. ಮೊದಲ ಸಾಲು ಹ, ಎರಡನೆಯದು ಲ. ಮೂರನೆಯದರ ಪಕ್ಕ ಪೆನ್ಸಿಲ್‌ನಲ್ಲಿ ‘ಇದೂ ಹ?’ ಅಂತಿದೆ.

ತಾನಾ_ದಂಡೆ

ಇದೂ ಹ. ಹಳೆಯ ಗೀಜ಼್ ಭಾಷೆಯಲ್ಲಿ ಬೇರೆ ಬೇರೆ ಉಚ್ಚಾರ ಇತ್ತು, ಅಮ್ಹಾರಿಕ್‌ನಲ್ಲಿ ಒಂದಾಯಿತು, ಅಕ್ಷರ ಮಾತ್ರ ಉಳಿಯಿತು. ಮುಂದೆ ಇನ್ನೂ ಒಂದು ಹ ಸಿಗುತ್ತದೆ. ನಾಲ್ಕನೆಯ ಸಾಲು ಓದಿ, ಮೆ ಮು ಮಿ ಮಾ ಮೇ ಮ್ ಮೋ. ‘ಮೆಸ್ಕೆರೆಮ್’ ಪದದ ಮೊದಲ ಅಕ್ಷರ, ಕೊನೆಯ ಅಕ್ಷರ ಎರಡೂ ಆ ಸಾಲಿನಲ್ಲೇ ಇವೆ.