ಸಹಾಯ ಬೇಕು: ಸಾಕ್ಷಿಗೆ ಮೊದಲು ಮಗುವಿಗೆ ಕೋರ್ಟ್ ತೋರಿಸಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮಕ್ಕನ ಮಗಳಿಗೆ 13 ವರ್ಷ. ಮುಂದಿನ ವಾರ ಪೋಕ್ಸೊ ಕೋರ್ಟಲ್ಲಿ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸ್ ನಡೆಸೋ ಕೋರ್ಟ್) ಅವಳ ಸಾಕ್ಷಿ ಇದೆ. ಸಮನ್ಸ್ ಬಂದಾಗಿನಿಂದ ಸರಿಯಾಗಿ ಊಟ ಮಾಡ್ತಿಲ್ಲ, ರಾತ್ರಿ ಬೆಚ್ಚಿಬಿದ್ದು ಏಳ್ತಾಳೆ. ಕೇಳೋದು ಒಂದೇ: "ಚಿಕ್ಕಮ್ಮಾ, ಅವನು ಎದುರಿಗೇ ಇರ್ತಾನಾ?"

ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಅವನು ನಿನ್ನ ಕಣ್ಣಿಗೆ ಬೀಳದ ಹಾಗೆ ನೋಡ್ಕೋತಾರೆ, ವಕೀಲರು ನಿನ್ನನ್ನ ನೇರವಾಗಿ ಪ್ರಶ್ನೆ ಕೇಳೋ ಹಾಗಿಲ್ಲ, ಜಡ್ಜ್ ಮೂಲಕವೇ ಕೇಳಬೇಕು, ಸುಸ್ತಾದ್ರೆ ಮಧ್ಯೆ ಬಿಡುವು ಕೇಳಬಹುದು ಅಂತೆಲ್ಲ ಹೇಳಿದೀನಿ. ಸ್ವಲ್ಪ ಸಮಾಧಾನ ಆಯ್ತು. ಆದ್ರೂ ಕೋರ್ಟ್ ಅಂದ್ರೆ ಅವಳ ತಲೇಲಿರೋದು ಸಿನಿಮಾದ ಕಟಕಟೆ, ಕೂಗಾಡೋ ವಕೀಲರು. ಒಂದು ಸಲ ಆ ಕೋಣೆ ಕಣ್ಣಾರೆ ನೋಡಿದ್ರೆ ಧೈರ್ಯ ಬರುತ್ತೆ ಅಂತ ನನ್ನ ನಂಬಿಕೆ.

ಕೋರ್ಟ್ ಕಚೇರೀಲಿ ವಿಚಾರಿಸಿದ್ರೆ ಸರ್ಕಾರಿ ವಕೀಲರನ್ನ ಕೇಳಿ ಅಂದ್ರು. ಅವರು ಮೂರು ದಿನದಿಂದ ಫೋನ್ ಎತ್ತಿಲ್ಲ. ಮಕ್ಕಳ ಕಲ್ಯಾಣ ಸಮಿತಿ ಕೊಡಬೇಕಾದ ಬೆಂಬಲ ವ್ಯಕ್ತಿಯೂ (ಕೇಸ್ ನಡೆಯುವಾಗ ಮಗುವಿನ ಜೊತೆಗಿದ್ದು ಸಹಾಯ ಮಾಡೋರು) ಇನ್ನೂ ಸಿಕ್ಕಿಲ್ಲ.

ಇನ್ನೊಂದು ಭಯ ಇದೆ. ನಡೆದದ್ದನ್ನ ಮನೇಲಿ ನಾವು ಮತ್ತೆ ಹೇಳಿಸಿದ್ರೆ, ನಾಳೆ ಆ ಕಡೆ ವಕೀಲರು "ಇದು ಹೇಳಿಕೊಟ್ಟ ಸಾಕ್ಷಿ" ಅಂದುಬಿಟ್ಟರೆ? ಅದಕ್ಕೇ ಆ ವಿಷಯ ಎತ್ತೋಕೇ ಹೋಗಿಲ್ಲ.

ಇಂಥದ್ರಲ್ಲಿ ಮಗು ಜೊತೆ ಹೋಗಿ ಗೊತ್ತಿರೋರು, ವಕೀಲರು ದಯವಿಟ್ಟು ಹೇಳಿ: ಮೊದಲೇ ಕೋಣೆ ತೋರಿಸೋಕೆ ಅರ್ಜಿ ಯಾರಿಗೆ ಕೊಡಬೇಕು? ಸಾಕ್ಷಿಗೆ ತೊಂದರೆ ಆಗದ ಹಾಗೆ ಮನೇಲಿ ಏನು ಮಾತಾಡಬಹುದು, ಏನು ಮಾತಾಡಬಾರದು?