ಪುಟ್ಟಿಯ ಈರುಳ್ಳಿ ಸೂಪಿಗೆ ದೊಡ್ಡಮ್ಮನ ಉತ್ತರ, ಪೂರ್ತಿ ಕೇಳಿ

ಪುಟ್ಟೀ, ನಿನ್ ಮೆಸೇಜ್ ಈಗ ನೋಡ್ದೆ ಕಣೇ, ಬೆಳಗ್ಗಿಂದ ಮೊಬೈಲ್ ಚಾರ್ಜಿಗಿತ್ತು. ಥರ್ಮೋಮಿಕ್ಸಲ್ಲಿ, ಅದೇ ರುಬ್ಬೋದು ಬೇಯಿಸೋದು ಎರಡೂ ಮಾಡೋ ಮಷೀನಲ್ಲಿ, ಈರುಳ್ಳಿ ಸೂಪ್ ಟ್ರಯಲ್ ಮಾಡ್ತಿದೀನಿ, ಅರ್ಧ ಗಂಟೆ ಆದ್ರೂ ಕೆಂಪಗಾಗ್ದೆ ಬೆಳ್ಳಗೆ ನೀರ್‌ನೀರಾಗೇ ಇದೆ, ಶನಿವಾರ ಪಕ್ಕದ್ಮನೆ ಜರ್ಮನ್ನೋರು ಊಟಕ್ಕೆ ಬರ್ತಾರೆ, ಇದನ್ನೇ ಬಿಸಿಬಿಸಿಯಾಗಿ ಸ್ಪೀಡ್ ಹತ್ತಕ್ಕಿಟ್ಟು ರುಬ್ಬಿಬಿಟ್ರೆ ಗಟ್ಟಿಯಾಗತ್ತಾ, ಏನೂ ಆಗಲ್ಲ ತಾನೇ ಅಂತ ಕೇಳಿದೀಯ. ಅದಕ್ಕೆ ನಿಮ್ಮಣ್ಣ ಒಂದು ಹೆಬ್ಬೆಟ್ಟು ಹಾಕಿ ಸುಮ್ನಾಗಿದಾನೆ. ಹೆಬ್ಬೆಟ್ಟು ಯಾತಕ್ಕಪ್ಪ, ಆಗತ್ತೆ ಅಂತಲೋ ಆಗಲ್ಲ ಅಂತಲೋ? ಪುಟ್ಟಿ, ನೀನು ಬಿಸಿ ಇದ್ದಾಗ ಒಂದೇ ಸಲಕ್ಕೆ ಹತ್ತಕ್ಕೆ ತಿರುಗಿಸ್ಬೇಡ. ಮೊದ್ಲು ಅದನ್ನ ಆರಿಸಿ ಪಕ್ಕಕ್ಕಿಡು, ಆಮೇಲೆ ಇದನ್ನ ಕೇಳು.

ನಮ್ಮ ಚಿಕ್ಕ ನಾದಿನಿ ಕೈ ನೀವೆಲ್ಲ ನೋಡಿದೀರಲ್ಲ, ಬಲಗೈ, ಅದಕ್ಕೇ ಅವಳು ಮದುವೆ ಮನೇಲೂ ಉದ್ದ ತೋಳಿನ ಬ್ಲೌಸೇ ಹಾಕೋದು. ಅದು ಹೇಗಾಯ್ತು ಅಂತ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಹಾಸನದ ಮನೇಲಿ ದೊಡ್ಡ ಭಾವನೋರ ಷಷ್ಟಿಪೂರ್ತಿ, ಹಿಂದಿನ ದಿನ ರಾತ್ರಿ, ಮನೆ ತುಂಬ ಜನ, ಸಾರಿಗೆ ಟೊಮೆಟೊ ಬೇಳೆ ಎಲ್ಲ ಒಟ್ಟಿಗೆ ಬೇಯಿಸಿಟ್ಟಿದ್ವಿ, ಆರಲಿ ತಡಿ ಅಂತ ನಾನಂದ್ರೆ ಅತ್ತೆ, ಅಂದ್ರೆ ನಿಮ್ಮಜ್ಜಿ, ಪಂಕ್ತಿ ಕೂತಾಯ್ತು ಬೇಗ ಆಗ್ಲಿ ಅಂತ ಬಾಗಿಲಲ್ಲಿ ನಿಂತು ಕೂಗ್ತಿದಾರೆ. ಅವಳು ಒಲೆಯಿಂದ ಇಳಿಸಿದ್ದನ್ನ ಹಾಗೇ ಮಿಕ್ಸಿ ಜಾರಿಗೆ ಸುರಿದ್ಲು, ಮುಕ್ಕಾಲಿಗಿಂತ ಮೇಲೆ, ಅಂಗೈಯಲ್ಲಿ ಮುಚ್ಚಳ ಅದುಮಿ ಹಿಡಿದು ನಾಬ್ ಸೀದಾ ಮೂರಕ್ಕೆ ತಿರುಗಿಸಿದ್ಲು. ಢಬ್ ಅಂತ ಒಂದ್ ಸದ್ದು ಅಷ್ಟೇ. ಮುಚ್ಚಳ ಹೋಗಿ ಅಟ್ಟಕ್ಕೆ ಬಡೀತು, ಸಾರು ಮಣಿಕಟ್ಟಿಂದ ಮೊಣಕೈವರೆಗೆ. ಸಾರು ಇಳಿದು ಹೋಗತ್ತೆ ಪುಟ್ಟಿ, ಬೇಳೆ ಇಳಿಯಲ್ಲ. ಬೆಂದ ಬೇಳೆ ಬಳೆ ಸಂದೀಲಿ ಹೋಗಿ ಕೂತ್ಕೊಂಡ್ಬಿಡ್ತು, ಚಿನ್ನದ ಬಳೆ ಕಾದು ಚರ್ಮಕ್ಕೆ ಅಂಟ್ತಾ ಇದೆ, ಕೈ ಊದ್ಕೊಂಡು ಬಳೆ ಬರ್ತಿಲ್ಲ, ಅವಳು ಕಿರುಚ್ತಿದಾಳೆ. ಯಾರೋ ಪುಣ್ಯಾತ್ಮರು ಇಂಕು ತಂದು ಸುರಿದ್ರು, ಆವಾಗೆಲ್ಲ ಸುಟ್ಟಿದ್ದಕ್ಕೆ ಇಂಕು ಹಚ್ತಿದ್ರಲ್ಲ. ಡಾಕ್ಟ್ರು ಅದನ್ನೆಲ್ಲ ತೊಳೆಯೋದ್ರೊಳಗೆ ಅವಳಿಗೆ ಎರಡನೇ ಸಲ ಜೀವ ಹೋಯ್ತು, ನಲ್ಲಿ ಕೆಳಗೆ ಇಪ್ಪತ್ತು ನಿಮಿಷ ತಣ್ಣೀರಿಗೆ ಹಿಡೀಬೇಕಿತ್ತು, ಇದೇನಿದು ಹೋಳಿ ಆಡಿದ ಹಾಗೆ ಅಂತ ನಮಗೆಲ್ಲ ಬೈದ್ರು.

ಯಾಕೆ ಹಾಗಾಗತ್ತೆ ಅಂತ ನನ್ ತಮ್ಮ ಹೇಳ್ತಿದ್ದ, ಬಿಸಿ ನೀರಲ್ಲಿ ಬ್ಲೇಡ್ ಜೋರಾಗಿ ತಿರುಗಿದ ತಕ್ಷಣ ಆವಿಯೆಲ್ಲ ಒಂದೇ ಸಲ ಏಳತ್ತಂತೆ, ಮೇಲಿರೋ ಗಾಳೀನೂ ಕಾದು ಹಿಗ್ಗತ್ತೆ, ಹೋಗೋಕೆ ದಾರಿ ಇಲ್ದೆ ಮುಚ್ಚಳಾನೇ ಎತ್ತಿ ಎಸೆಯತ್ತೆ. ನಮ್ಮಷೀನಲ್ಲಿ ಮುಚ್ಚಳ ಲಾಕ್ ಆಗತ್ತೆ ದೊಡ್ಡಮ್ಮ ಅಂತೀಯ, ಗೊತ್ತು ಬಿಡು, ಬಾಣಂತನಕ್ಕೆ ಸ್ಟುಟ್‌ಗಾರ್ಟಿಗೆ ಬಂದಿದ್ದಾಗ ನಾನೂ ನೋಡಿದೀನಿ, ಎರಡೂ ಕಡೆಯಿಂದ ಬಂದು ಹಿಡ್ಕೊಳತ್ತೆ. ಆದ್ರೆ ಮೇಲಿನ ತೂತಿಗಿಡೋ ಅಳತೆ ಲೋಟ ಲಾಕ್ ಆಗತ್ತಾ? ಸುಮ್ನೆ ಕೂತಿರತ್ತೆ ಅಷ್ಟೇ. ಮೆಲ್ಬರ್ನ್ ಅಳಿಯಂದ್ರು ಹೇಳಿದ್ರು, ಇದರದ್ದೇ ಹಳೇ ಮಾಡೆಲ್ ಟಿಎಂ31, ಅಲ್ಲಿ 2014ರಲ್ಲಿ ಮುಚ್ಚಳದ ಸೀಲಿಂಗ್ ರಿಂಗ್ ವಾಪಸ್ ತಗೋಬೇಕಾಯ್ತು, ಬಿಸಿ ಪದಾರ್ಥ ಹೊರಗೆ ಚಿಮ್ಮತ್ತೆ ಅಂತ. 2018ರಲ್ಲಿ ಅಲ್ಲಿ ಮಾರೋ ಕಂಪನಿಗೆ ಕೋರ್ಟು 46 ಲಕ್ಷ ಡಾಲರ್ ದಂಡಾನೂ ಹಾಕ್ತು. ನಿಂದು ಹೊಸದು, ರಿಂಗೂ ಬೇರೆ, ಆದ್ರೂ ಅದರ ಪುಸ್ತಕದಲ್ಲೇ ಬರೆದಿದೆ, 60 ಡಿಗ್ರಿ ಮೇಲಿದ್ರೆ ಟರ್ಬೋ, ಅಂದ್ರೆ ಒಂದೇ ಸಲಕ್ಕೆ ಫುಲ್ ಸ್ಪೀಡಿಗೆ ಹೋಗೋ ಬಟನ್ನು, ಒತ್ತಬೇಡಿ, ಸ್ಪೀಡು ದಿಢೀರ್ ಅಂತ ಏರಿಸಬೇಡಿ ಅಂತ. ಅದಕ್ಕೇ ಮತ್ತೆ ಹೇಳ್ತಿದೀನಿ, ಬಿಸಿ ಇರೋವಾಗ ಹತ್ತಕ್ಕೆ ತಿರುಗಿಸ್ಬೇಡ, ಮಗು ಬೇರೆ ಅಡುಗೆ ಮನೇಲೇ ಓಡಾಡ್ಕೊಂಡಿರತ್ತೆ.

ಇನ್ನೊಂದು ವಿಷ್ಯ, ಗ್ರೂಪಲ್ಲಿ ಎಲ್ಲರೂ ಇದೀರ, ಹೇಳೇಬಿಡ್ತೀನಿ. ಆ ಮಿಕ್ಸಿ ಯಾರದ್ದು? ನಂದು. ನನ್ನಪ್ಪ ಸಾಲ ಮಾಡಿ ತವರಿಂದ ಕೊಟ್ಟಿದ್ದು, ಮನೇಲಿದ್ದ ಒಂದೇ ಮಿಕ್ಸಿ. ಅವತ್ತು ಅಷ್ಟಾದ್ಮೇಲೂ ಅತ್ತೆ ಕೇಳಿದ್ದೇನು, ಸಾರು ಎಷ್ಟು ಉಳೀತು ಅಂತ. ಹೋಗ್ಲಿ, ಅವರೀಗಿಲ್ಲ. ಆದ್ರೆ ಮನೆ ಪಾಲಾದಾಗ ಮಿಕ್ಸಿ ನನ್ ಪಾಲಿಗೆ ಬಂತು, ದೊಡ್ಡ ಜಾರು ಮಾತ್ರ ನಮ್ಮ ಓರಗಿತ್ತಿ ಮನೇಲೇ ಉಳೀತು, ದೋಸೆಗೆ ರುಬ್ಬಿ ಕೊಡ್ತೀನಿ ಅಂತ ಇಟ್ಕೊಂಡೋರು ಕೊಡಲೇ ಇಲ್ಲ. ಜಾರಿಲ್ಲದ ಮಿಕ್ಸಿ ಇಟ್ಕೊಂಡು ನಾನೇನ್ ಪೂಜೆ ಮಾಡ್ಲಾ? ಮೊನ್ನೆ ಗೃಹಪ್ರವೇಶಕ್ಕೆ ಹೋದಾಗ ನೋಡ್ತೀನಿ, ಅದರಲ್ಲಿ ರಂಗೋಲಿ ಪುಡಿ ತುಂಬಿಟ್ಟಿದಾರೆ! ಕೇಳಿದ್ರೆ, ಅಯ್ಯೋ ಅಕ್ಕ ಇದು ನಿಮ್ಮದಾ ಅಂತಾರೆ. ಈ ಮೆಸೇಜು ಅವರೂ ಕೇಳ್ತಾರೆ, ಕೇಳಲಿ.

ಏನ್ ಹೇಳ್ತಿದ್ದೆ... ಹಾಂ, ಸೂಪು. ನೀನು ಕೇಳಿದ್ದು ಕೆಂಪಗಾಗ್ತಿಲ್ಲ ಅಂತ ಅಲ್ವಾ. ಈರುಳ್ಳೀಲಿ ಹತ್ತಿರ ಹತ್ತಿರ 90 ಪರ್ಸೆಂಟ್ ನೀರೇ. ಆ ನೀರು ಹೋಗೋ ತನಕ ಅದು ಬೇಯತ್ತೆ ಹೊರತು ಹುರಿಯಲ್ಲ. ಅಳತೆ ಲೋಟ ಮುಚ್ಚಿಟ್ಟಿದೀಯ ತಾನೇ? ಆವಿ ಮುಚ್ಚಳಕ್ಕೆ ತಾಗಿ ಮತ್ತೆ ನೀರಾಗಿ ಕೆಳಗೇ ಬೀಳತ್ತೆ. ಲೋಟ ತೆಗಿ, ಒಳಗಿಡೋ ಜಾಲರಿ ಬುಟ್ಟಿ ಇದ್ಯಲ್ಲ ಅದನ್ನ ಮುಚ್ಚಳದ ಮೇಲಿಡು, ಆವಿ ಹೋಗತ್ತೆ, ಚಿಮ್ಮಲ್ಲ. 120 ಡಿಗ್ರಿ, ಉಲ್ಟಾ ತಿರುಗೋ ಬಟನ್ನು, ಚಮಚದ ಗುರುತಿನ ಸ್ಪೀಡು, ಇಲ್ಲಾಂದ್ರೆ ಬ್ಲೇಡು ಎಲ್ಲ ಪೇಸ್ಟ್ ಮಾಡಿಬಿಡತ್ತೆ. ಈರುಳ್ಳಿ 600 ಗ್ರಾಮಿಗಿಂತ ಜಾಸ್ತಿ ಬೇಡ, ಬೆಣ್ಣೆ 50 ಗ್ರಾಂ ಹಾಕು, ಕೈಯಲ್ಲೇ ಉದ್ದುದ್ದ ಹೆಚ್ಚು. ಅಲ್ಲಿನ ದಪ್ಪ ದಪ್ಪ ಸಪ್ಪೆ ಈರುಳ್ಳಿ ತರಬೇಡ, ಚಿಕ್ಕ ಹಳದಿ ಸಿಪ್ಪೇದು ತಗೋ. ಇಷ್ಟಾದ್ರೂ ಹೊಂಬಣ್ಣ ಬರಬಹುದೇ ಹೊರತು ಒಳ್ಳೆ ಕಂದು ಬರಲ್ಲ, ಪಾತ್ರೆ ಅಷ್ಟು ಆಳ. ನನ್ನ ಕೇಳಿದ್ರೆ ಅಗಲ ಬಾಣಲೇಲಿ ಸಣ್ಣ ಉರೀಲಿ ಮುಕ್ಕಾಲು ಗಂಟೆ ಹುರಿದು ಆಮೇಲೆ ಮಷೀನಿಗೆ ಹಾಕು. ಬೇಗ ಆಗ್ಲಿ ಅಂತ ಅಡುಗೆ ಸೋಡಾ ಹಾಕಬೇಡ, ಕೆಂಪೇನೋ ಆಗತ್ತೆ, ಎಳೆ ಕರಗಿ ಗೊಜ್ಜಾಗತ್ತೆ.

ಒಂದು ಚಮಚ ಮೈದಾ ಹಾಕಿ ಬಾಡಿಸು, ಗಟ್ಟಿ ಬೇಕಾದ್ರೆ ಅದೇ ಸಾಕು, ಈ ಸೂಪನ್ನ ಯಾರೂ ರುಬ್ಬಲ್ಲ ಕಣೇ, ಎಳೆ ಎಳೆ ಕಾಣಬೇಕು. ಮೇಲೆ ಒಂದು ಲೀಟರ್ ತರಕಾರಿ ಬ್ರ್ಯೂಹೆ, ಅದೇ ತರಕಾರಿ ಬೇಯಿಸಿದ ನೀರು, 100 ಡಿಗ್ರಿ, 20 ನಿಮಿಷ. ಫ್ರಾನ್ಸಿನೋರು ದನದ ಮೂಳೆ ಬೇಯಿಸಿದ ನೀರು ಹಾಕ್ತಾರೆ, ಪ್ಯಾಕೆಟ್ ನೋಡಿ ತಗೋ. ಮೇಲೆ ಟೋಸ್ಟ್ ಬ್ರೆಡ್ಡು, ಚೀಸು, ಓವನ್ನಲ್ಲಿ ಗ್ರಿಲ್. ಚೀಸು ಗ್ರೂಯೇರ್ ಬೇಡ, ಅದಕ್ಕೆ ಹಾಲು ಒಡೆಸೋಕೆ ಕರುವಿನ ಹೊಟ್ಟೆಯ ರೆನೆಟ್ಟೇ ಹಾಕೋದು, ಕವರ್ ಮೇಲೆ ಮಿಕ್ರೋಬಿಯೆಲ್ಲೆಸ್ ಲಾಬ್, ಅಂದ್ರೆ ಪ್ರಾಣಿಯದ್ದಲ್ಲದ ರೆನೆಟ್, ಅಂತ ಇರೋದು ಹುಡುಕು, ನಿಮ್ಮೆಜಮಾನ್ರನ್ನ ಕೇಳಬೇಡ, ಅವರಿಗೆ ಎಲ್ಲ ಒಂದೇ. ಕೆಂಪಗಾದ್ಮೇಲೆ ಫೋಟೋ ಕಳಿಸಬೇಡ, ಫೋಟೋದಲ್ಲಿ ಬಣ್ಣ ಗೊತ್ತಾಗಲ್ಲ, ವಿಡಿಯೋ ಕಾಲ್ ಮಾಡು, ಆದ್ರೆ ನಿಮ್ಮ ಸಂಜೆ ಆರಕ್ಕೆ ಮಾಡಬೇಡ, ಇಲ್ಲಿ ಹತ್ತೂವರೆ ಆಗಿರತ್ತೆ, ದೊಡ್ಡಪ್ಪ ಬೈತಾರೆ.